ಏಳು ಗಂಟೆಯ ಮಳೆ ಲೆಕ್ಕ

2024ರ ಜುಲೈ 9, ಬೆಳಗ್ಗೆ ಸರಿಯಾಗಿ ಏಳು ಗಂಟೆ. ತೀರಿಕೊಂಡು ಹತ್ತು ತಿಂಗಳಾಗಿದ್ದ ಜಯಪ್ರಕಾಶರ ಸಾಮಾಜಿಕ ಜಾಲತಾಣದ ಪುಟದಲ್ಲಿ ಹೊಸ ಬರಹ ಕಾಣಿಸಿಕೊಂಡಿತು. ಹನ್ನೊಂದು ವರ್ಷ ಇದೇ ಹೊತ್ತಿಗೆ ಅವರು ಸೋಮವಾರಪೇಟೆಯ ತಮ್ಮ ತೋಟದ ಮಳೆ ಲೆಕ್ಕವನ್ನು ಇಂಚಿನಲ್ಲೂ ಇಂಚಿನ ನೂರನೇ ಭಾಗವಾದ ಸೆಂಟಿನಲ್ಲೂ ಅಲ್ಲಿ ಹಾಕುತ್ತಿದ್ದರು. ಹೆಂಡತಿ ಯಮುನಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು.

"ಎಷ್ಟು ಕ್ರಿಪ್ಟೋ ಕಾಯಿನ್ ಕಳಿಸಿದರೂ ಎರಡರಷ್ಟು ವಾಪಸ್. ಇವತ್ತು ಮಾತ್ರ" ಎಂದಿತ್ತು.

ಪಕ್ಕದ ತೋಟದ ಆನಂದ್ ಫೋನ್ ಮಾಡಿದ. "ಅತ್ತಿಗೆ, ಯಾವನೋ ಕಳ್ಳ ಅಣ್ಣನ ಅಕೌಂಟಿಗೆ ನುಗ್ಗವ್ನೆ. ಅಣ್ಣ ಹೋಗಿದ್ದು ಗೊತ್ತಿಲ್ದೋರು ದುಡ್ಡು ಕಳಿಸೋಕೆ ಹೊರಟವ್ರೆ. ರಿಪೋರ್ಟ್ ಮಾಡಿ, ಪುಟಾನೇ ತೆಗೀತಾರೆ."

"ಮಳೆ ಲೆಕ್ಕ?"

"ಅದೂ ಹೋಯ್ತದೆ, ಅತ್ತಿಗೆ."

ಆ ಹನ್ನೊಂದು ವರ್ಷದ ಲೆಕ್ಕ ಬೇರೆಲ್ಲೂ ಇರಲಿಲ್ಲ. ಗಂಡನ ಹೆಸರಿನ ಪಕ್ಕ, ಆನ್‌ಲೈನ್ ಇದ್ದಾರೆ ಎನ್ನುವ ಹಸಿರು ಚುಕ್ಕೆ ಉರಿಯುತ್ತಿತ್ತು. ಬುದ್ಧಿ ಬೇಡವೆಂದರೂ ಯಮುನಾ ಬರೆದಳು: "ಇವತ್ತು ಮಳೆ ಎಷ್ಟು?"

ಉತ್ತರ ತಕ್ಷಣ ಬಂತು: "ತುಂಬಾ ಮಳೆ. ಮೊದಲು ಕಾಯಿನ್ ಕಳಿಸಿ."

"ತುಂಬಾ ಅನ್ನೋದು ಅಳತೆ ಅಲ್ಲ ಮಾರಾಯ್ತಿ" ಎಂದು ಜಯಪ್ರಕಾಶರು ಅವಳನ್ನು ಎಷ್ಟು ಸಲ ಛೇಡಿಸಿರಲಿಲ್ಲ! ಯಮುನಾ ರಿಪೋರ್ಟ್ ಒತ್ತಿದಳು. ಆನಂದನೂ ಊರಿನ ಬೆಳೆಗಾರರೂ ಒತ್ತಿದರು. ಒಂಬತ್ತು ಗಂಟೆಗೆ ನೋಡಿದರೆ ಪುಟವೇ ಇರಲಿಲ್ಲ.

ಅವಳು ಅಂಗಳಕ್ಕಿಳಿದು ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದಳು. ಹೆಗಲ ಹಿಂದಿನಿಂದ ಯಾರೋ ಬಗ್ಗಿ ನೋಡುತ್ತಿದ್ದಾರೆ ಎನ್ನಿಸಿತು. ತಿರುಗಿ ನೋಡದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿದಳು: ಒಂದು ಇಂಚು ನಲವತ್ತೆರಡು ಸೆಂಟು.