ಜೊತೆಗೆ ಕಟ್ಟಿದ ಆಟ

ಕುರಾಮೊಚಿಯವರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರಿಗೆ ಅವರನ್ನು ಬೈಯಬೇಕು ಅನ್ನಿಸುತ್ತದೆ. ಒಸಾಕಾದ ನಮ್ಮ ಕಡೆಯ ಆಟಿಕೆ ಅಂಗಡಿಗಳಿಗೆಲ್ಲ ಟಿವಿ ಆಟದ ಕ್ಯಾಸೆಟ್‌ಗಳನ್ನು ಸಗಟಾಗಿ ಒದಗಿಸುತ್ತಿದ್ದವರು ಅವರು. ಅತ್ತೆ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದಾಗ ಯಾವುದು ಮಾರುತ್ತದೆ, ಯಾವುದು ಕೊಳೆಯುತ್ತದೆ ಎಂದು ನನಗೆ ಪಾಠ ಹೇಳಿಕೊಟ್ಟವರೂ ಅವರೇ.

ಆ ವರ್ಷ ಜನವರಿಯಲ್ಲಿ ತಮ್ಮ ವ್ಯಾನು ನಿಲ್ಲಿಸಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಚಹಾ ಕೊಟ್ಟೆ.

"ಹೇಗಿದೆಯಮ್ಮಾ ವ್ಯಾಪಾರ?"

"ಏನೋ, ಕುಂಟ್ಕೊಂಡು ಹೋಗ್ತಿದೆ."

ನಮ್ಮೂರಿನಲ್ಲಿ ಕೋಟ್ಯಧಿಪತಿಯೂ ಇದೇ ಉತ್ತರ ಕೊಡುತ್ತಾನೆ. ಅವರು ನಕ್ಕು ಲೋಟ ಕೆಳಗಿಟ್ಟರು. "ಮುಂದಿನ ತಿಂಗಳು 'ಏಳು ಕತ್ತಿಗಳು' ಮೂರನೇ ಭಾಗ ಬರ್ತಿದೆ. ಎಷ್ಟು ಬೇಕು?"

"ನಲವತ್ತಾದ್ರೂ ಕೊಡಿ. ನವೆಂಬರ್‌ನಿಂದ ಮಕ್ಕಳು ಬಾಗಿಲು ಸವೆಸ್ತಿದ್ದಾರೆ."

"ಕೊಡ್ತೀನಿ. ಆದ್ರೆ ಒಂದಕ್ಕೆ ಎರಡು ಹಳೇ ಆಟ ತಗೋಬೇಕು."

"ಒಂದು ಒಳ್ಳೇ ಮೀನಿಗೆ ಎರಡು ಕೊಳೆತ ಮೀನಾ?"

"ಕೊಳೆತಿಲ್ಲಮ್ಮಾ, ಮಾರಾಟ ಆಗಿಲ್ಲ ಅಷ್ಟೆ. ಮೇಲಿನವರು ನನ್ನ ತಲೆಗೆ ಕಟ್ತಾರೆ, ನಾನು ನಿಮ್ಮ ತಲೆಗೆ ಕಟ್ತೀನಿ, ನೀವು ಮಕ್ಕಳ ತಲೆಗೆ ಕಟ್ಟಿ. ಎಲ್ಲಾ ಅಂಗಡೀಲೂ ಹೀಗೇ."

"ಹಳೇದನ್ನ ಅರ್ಧ ಬೆಲೆಗೆ ಹಾಕ್ಲಾ?"

"ಅಚ್ಚಾದ ಬೆಲೆಗಿಂತ ಒಂದು ಯೆನ್ ಕಮ್ಮಿ ಮಾಡಿದ್ರೂ ಮುಂದಿನ ಸರಕು ಬರಲ್ಲ. ನಿಮಗೆ ಗೊತ್ತಿಲ್ದೇ ಇರೋದಾ?"

"ಪುಕ್ಕಟೆ ಕೊಟ್ರೆ?"

"ಪುಕ್ಕಟೆ ಅಂದ್ರೆ ಬೆಲೆ ಇಳಿಸಿದ ಹಾಗಲ್ವೇನಮ್ಮಾ?" ಎಂದರು, ದಡ್ಡ ವಿದ್ಯಾರ್ಥಿಗೆ ಹೇಳುವ ಹಾಗೆ.

ಬೇಡ ಅನ್ನಬಹುದಿತ್ತು. ಅಂದಿದ್ದರೆ ಏಳು ಕತ್ತಿ ನಮ್ಮಲ್ಲಿಗೆ ಬರುತ್ತಿರಲಿಲ್ಲ. ಮಕ್ಕಳು ನಿಲ್ದಾಣದ ಎದುರಿನ ದೊಡ್ಡ ಮಳಿಗೆಗೆ ಹೋಗುತ್ತಿದ್ದರು, ಒಮ್ಮೆ ಹೋದವರು ತಿರುಗಿ ಬರುತ್ತಿರಲಿಲ್ಲ. ಹೂಂ ಎಂದೆ. ಹಳೆಯ ಆಟಗಳ ಪೆಟ್ಟಿಗೆಗಳನ್ನು ಅವತ್ತೇ ಇಳಿಸಿ ಹೋದರು. ಅವರು ಹೋದ ಮೇಲೆ ಒಂದನ್ನು ಬಿಚ್ಚಿದೆ. ಒಳಗಿನ ಡಬ್ಬಿಗಳ ಮೇಲಿನ ಚಿತ್ರದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಮುದುಕನೊಬ್ಬ ಹುಟ್ಟು ಹಿಡಿದು ನಿಂತಿದ್ದ. ಇನ್ನೊಂದನ್ನು ಬಿಚ್ಚಿದೆ. ಅಲ್ಲೂ ಅವನೇ. ಎಂಬತ್ತರಲ್ಲಿ ಹೆಚ್ಚಿನವು ಅವೇ ಆಗಿದ್ದವು. ನನ್ನ ತಮ್ಮ ಯಸುಹಿಕೊ ಮಾಡಿದ 'ದೋಣಿಗಾರ'.

ನಮ್ಮಪ್ಪ ಕಿಜು ನದಿಯಲ್ಲಿ ನಗರಸಭೆಯ ದೋಣಿ ನಡೆಸುತ್ತಿದ್ದವನು. ಕಾರ್ಖಾನೆಗೆ ಹೋಗುವವರನ್ನು ಸೈಕಲ್ ಸಮೇತ ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು, ಅಲ್ಲಿಂದ ಇಲ್ಲಿಗೆ ತರುವುದು, ಅಷ್ಟರಲ್ಲೇ ಅವನ ಆಯುಷ್ಯ ಮುಗಿಯಿತು. ಯಸುಹಿಕೊ ಅದನ್ನೇ ಆಟ ಮಾಡಿದ್ದ. ನೂಡಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮೂರೇ ಜನರ ಕಂಪನಿ ಅವನದು. ಆಟದಲ್ಲಿ ಶತ್ರುಗಳಿಲ್ಲ, ಕತ್ತಿ ಇಲ್ಲ. ಜನ ಬರುತ್ತಾರೆ, ದೋಣಿ ಹತ್ತುತ್ತಾರೆ, ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಪ್ರವಾಹ ನೋಡಿಕೊಂಡು ಅವರನ್ನು ದಾಟಿಸಬೇಕು. ನನಗೆ ಅದು ಇಷ್ಟವಾಗಿತ್ತು. ಆದರೆ ಹತ್ತು ವರ್ಷದ ಹುಡುಗ ಪ್ರವಾಹ ಇಳಿಯಲಿ ಎಂದು ಕಾಯುತ್ತಾನೆಯೇ? ಶರತ್ಕಾಲದಲ್ಲಿ ಬಿಡುಗಡೆಯಾದಾಗ ನಮ್ಮ ಅಂಗಡಿಯಲ್ಲಿ ಮೂರು ಮಾರಿದ್ದವು. ಅದರಲ್ಲಿ ಒಂದನ್ನು ಕೊಂಡವಳು ನಾನೇ.

ಫೆಬ್ರವರಿಯಲ್ಲಿ ಏಳು ಕತ್ತಿ ಬಂದ ದಿನ ನಾನು ಬಾಗಿಲು ಎತ್ತುವ ಹೊತ್ತಿಗೆ ಸಾಲು ಮೀನಿನ ಅಂಗಡಿ ದಾಟಿತ್ತು. ಮುಂದೆ ನಿಂತಿದ್ದ ಹುಡುಗಿಯ ಮುಷ್ಟಿಯಲ್ಲಿ ಹೊಸ ವರ್ಷಕ್ಕೆ ಅಜ್ಜಿ ಕೊಟ್ಟ ನೋಟುಗಳು ಸುರುಳಿಯಾಗಿದ್ದವು. "ಇಲ್ಲೂ ಜೊತೇಗೆ ಇನ್ನೊಂದು ತಗೋಬೇಕಾ? ಆ ಕಡೆ ಅಂಗಡೀಲಿ ತಗೋಬೇಕಂತೆ. ನನ್ನ ಹತ್ರ ಇಷ್ಟೇ ಇರೋದು" ಎಂದಳು. ನಾನೇನು ದೊಡ್ಡ ಧರ್ಮಾತ್ಮಳಲ್ಲ. ಆದರೂ ಆ ಮುಷ್ಟಿ ನೋಡಿ ನನ್ನ ಬಾಯಿಂದ ಹೂಂ ಎಂಬ ಮಾತು ಹೊರಡಲಿಲ್ಲ. ಕತ್ತಿಯನ್ನಷ್ಟೇ ಕೊಟ್ಟೆ. ಒಬ್ಬಳಿಗೆ ಕೊಟ್ಟ ಮೇಲೆ ಉಳಿದವರಿಗೂ ಹಾಗೇ ಕೊಡಬೇಕಾಯಿತು. ಹಳೆಯ ಎಂಬತ್ತನ್ನೂ ಮಾಳಿಗೆಗೆ ಸಾಗಿಸಿ, ಹಾಸಿಗೆ ಮಡಚಿಡುವ ಗೋಡೆಬೀರುವಿನಲ್ಲಿ ತುಂಬಿದೆ.

"ಹಾಸಿಗೆ ಎಲ್ಲಿಡ್ಲಿ?" ಎಂದ ನನ್ನ ಗಂಡ.

"ತಲೆ ಮೇಲಿಟ್ಕೋ" ಎಂದೆ.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಯಸುಹಿಕೊ ಬಂದ. ಚಳಿಗೆ ಮೂಗು ಕೆಂಪಾಗಿತ್ತು. ಎದೆಗೆ ಒತ್ತಿಕೊಂಡಿದ್ದ ಕಾಗದದ ಚೀಲದಲ್ಲಿ ಸಿಹಿ ಹೂರಣ ತುಂಬಿದ, ಮೀನಿನ ಆಕಾರದ ರೊಟ್ಟಿಗಳು ಇನ್ನೂ ಬಿಸಿಯಾಗಿದ್ದವು. ಅವನು ಕೈ ಬೀಸಿಕೊಂಡು ಬರುವವನೇ ಹೊರತು ತಿಂಡಿ ತರುವವನಲ್ಲ.

"ಅಕ್ಕ, ಖಾಲಿ!"

"ನಿನ್ನ ತಲೆಯಾ? ಅದು ಹಳೇ ಸುದ್ದಿ."

"ದೋಣಿಗಾರ ಕಣೇ! ಕುರಾಮೊಚಿ ಗೋದಾಮು ಖಾಲಿ. ನಗೋಯಾದಲ್ಲೂ ಖಾಲಿ. ಒಂದೂ ಉಳಿದಿಲ್ವಂತೆ, ಎಲ್ಲಾ ಅಂಗಡಿಗೆ ಹೋಗಿದೆ. ಜನಕ್ಕೆ ನಿಧಾನಕ್ಕೆ ರುಚಿ ಹತ್ತಿದೆ." ಕಪಾಟಿನ ಉದ್ದಕ್ಕೂ ಕಣ್ಣಾಡಿಸಿ ಮಗುವಿನ ಹಾಗೆ ನಕ್ಕ. "ನೋಡು, ನಿನ್ನ ಹತ್ರಾನೂ ಒಂದೂ ಇಲ್ಲ!"

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅಪ್ಪ ಸತ್ತ ಮೇಲೆ ಅವನು ಹೀಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ನಾಳೆ ಬ್ಯಾಂಕಿಗೆ ಹೋಗ್ತೀನಿ" ಎಂದ. "ಮನೆ ಅಡ ಇಡ್ತೀನಿ. ಇನ್ನೂ ಹತ್ತು ಸಾವಿರ ಕ್ಯಾಸೆಟ್ ಮಾಡಿಸ್ತೀನಿ. ಕಯೊ ಒಪ್ಪಿದ್ದಾಳೆ." ಕಯೊ ಅವನ ಹೆಂಡತಿ. ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಆ ಎರಡು ಕೋಣೆಯ ಮನೆಯ ಕಂತು ಕಟ್ಟುತ್ತಿದ್ದವಳು.

"ಹತ್ತು ಸಾವಿರ ಯಾಕೆ? ಐನೂರು ಮಾಡಿಸು."

"ಐನೂರು ಮಾಡಿಕೊಡೋರು ಯಾರು? ಆಟದ ಯಂತ್ರ ಮಾಡೋ ಕಂಪನಿ ಕಾರ್ಖಾನೇಲೇ ಮಾಡಿಸ್ಬೇಕು. ಹತ್ತು ಸಾವಿರಕ್ಕೆ ಕಮ್ಮಿ ಮುಟ್ಟಲ್ಲ. ದುಡ್ಡು ಮುಂಗಡ. ಉಳಿದ್ರೆ ವಾಪಸ್ ತಗೊಳ್ಳಲ್ಲ."

"ಆ ಇನ್ನೊಂದು ಕಂಪನಿ ಯಂತ್ರ ಬಂದಿದೆಯಲ್ಲ, ಅವರು ಕರೀತಿದ್ರು ಅಂದಿದ್ದೆ?"

"ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡೋ ಹಾಗಿಲ್ಲ. ಬರೆದುಕೊಟ್ಟಿದ್ದೀನಿ. ಅಕ್ಕ, ಅದೆಲ್ಲ ಬಿಡೇ, ಈಗ ಗಾಳಿ ನನ್ನ ಕಡೆ ಬೀಸ್ತಿದೆ."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಈ ನಗು ಹೋಗುತ್ತದೆ, ಹೇಳದಿದ್ದರೆ ಮನೆ ಹೋಗುತ್ತದೆ. ಗೋದಾಮಿನವರು ಅವನಿಗೆ ಸುಳ್ಳು ಹೇಳಿರಲಿಲ್ಲ. ಖಾಲಿಯಾಗಿದ್ದು ನಿಜ. ಹೇಗೆ ಖಾಲಿಯಾಯಿತು ಎಂದು ಅವನು ಕೇಳಿರಲಿಲ್ಲ, ಅವರಾಗಿ ಹೇಳುವ ಪೈಕಿಯೂ ಅಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಈ ವ್ಯಾಪಾರದಲ್ಲಿದ್ದೂ ಇಷ್ಟು ಮುಗ್ಧನಾಗಿರಲು ಅವನಿಗೆ ಯಾರು ಹೇಳಿದ್ದರು?

"ಬ್ಯಾಂಕಿಗೆ ಹೋಗ್ಬೇಡ" ಎಂದೆ.

"ನಿಂದು ಯಾವತ್ತೂ ಇದೇ. ನೀನೂ ಅಪ್ಪನೂ ಒಂದೇ. ದಡ ಬಿಟ್ರೆ ಮುಳುಗ್ತೀವಿ ಅನ್ನೋರು."

"ಅಪ್ಪ ದಿನಾ ದಡ ಬಿಡ್ತಿದ್ದ ಕಣೋ. ಅದೇ ಅವನ ಕೆಲಸ. ಪ್ರವಾಹ ನೋಡ್ದೆ ಮಾತ್ರ ಬಿಡ್ತಿರಲಿಲ್ಲ."

"ಈಗೇನು ಪ್ರವಾಹ? ಎಲ್ಲಾ ಮಾರಿದೆ ಅಂತ ಹೇಳ್ತಿದ್ದೀನಲ್ಲ!"

"ಅದು ಕನ್ನಡಿಯೊಳಗಿನ ಗಂಟು. ಏಳು ಕತ್ತಿ ಬೇಕು ಅಂದ್ರೆ ನಿಂದು ತಗೋಬೇಕು ಅಂತ ಅಂಗಡಿಗಳ ತಲೆಗೆ ಕಟ್ಟಿದ್ದಾರೆ. ಖಾಲಿ ಆಗಿದ್ದು ಗೋದಾಮು. ಮಕ್ಕಳು ಬೇಕು ಅಂತ ಕೊಂಡಿಲ್ಲ, ಯಸು."

ಅವನ ಮುಖ ಗಟ್ಟಿಯಾಯಿತು. "ಬೇರೆ ಆಟಗಳಿಗೆ ಹಾಗೆ ಮಾಡಿರ್ಬಹುದು. ನಂದಕ್ಕಲ್ಲ. ನಿಂಗೆ ನನ್ನ ಮೇಲೆ ನಂಬಿಕೆ ಇಲ್ಲ, ಅದನ್ನ ಹೇಳು."

ಬಾಯಿಮಾತಿಗೆ ಬಗ್ಗುವ ಜಾತಿ ಅಲ್ಲ ನಮ್ಮದು. "ಬೂಟು ಬಿಚ್ಚಿ ಮೇಲೆ ಬಾ" ಎಂದೆ. ಅವನು ಗೊಣಗುತ್ತ ಹಿಂದೆ ಬಂದ. ನಾನು ಬೀರುವಿನ ಬಾಗಿಲು ಸರಿಸಿದೆ.

ಮುದುಕ ದೋಣಿಗಾರ ಸಾಲುಸಾಲಾಗಿ ನಿಂತಿದ್ದ. ಮೇಲಿನ ಪಾರದರ್ಶಕ ಹಾಳೆ ಒಂದರದ್ದೂ ಹರಿದಿರಲಿಲ್ಲ.

ಯಸುಹಿಕೊ ಚಾಪೆಯ ಮೇಲೆ ಕೂತ. ಒಂದು ಡಬ್ಬಿ ಎತ್ತಿಕೊಂಡ, ತಿರುಗಿಸಿ ಹಿಂಬದಿಯಲ್ಲಿದ್ದ ತನ್ನ ಹೆಸರು ನೋಡಿದ, ವಾಪಸ್ಸು ಇಟ್ಟ. ಕೆಳಗೆ ಯಾರೋ ಅಂಗಡಿಯಲ್ಲಿ ಕೂಗಿದರು, ಕೂಗಿ ಕೂಗಿ ಹೋದರು.

ಬಹಳ ಹೊತ್ತಾದ ಮೇಲೆ ಅವನು ಫೋನು ಕೇಳಿದ. ಬ್ಯಾಂಕಿನವನಿಗೆ ನಾಳೆ ಬರುವುದಿಲ್ಲವೆಂದೂ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕೆಂದೂ ಹೇಳಿದ. ಫೋನಿನಲ್ಲೇ ತಲೆ ಬಾಗಿಸಿದ. ಮನೆ ಉಳಿಯಿತು ಎಂದು ನನ್ನ ಎದೆ ಹಗುರಾಯಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಹೆಮ್ಮೆಯೂ ಆಯಿತು.

ಅವನು ಮೆಟ್ಟಿಲಿಳಿದು ಬೂಟು ಹಾಕಿಕೊಳ್ಳುತ್ತ ಕೇಳಿದ, "ಮಕ್ಕಳ ತಲೆಗೆ ನೀನು ಒಂದೂ ಕಟ್ಟಲಿಲ್ವಾ ಅಕ್ಕ?"

"ಇಲ್ಲ ಕಣೋ. ಹೇಗೆ ಕಟ್ಟಲಿ? ಆ ಪುಟ್ಟ ಮಕ್ಕಳ ದುಡ್ಡು..."

"ಕಟ್ಬೇಕಿತ್ತು." ಅವನು ದಾರ ಬಿಗಿಯುತ್ತಲೇ ಇದ್ದ. "ಕಟ್ಟಿದ್ರೆ ಬೈಕೊಂಡಾದ್ರೂ ಮನೆಗೆ ತಗೊಂಡು ಹೋಗ್ತಿದ್ರು. ಮಳೆ ಬಂದ ದಿನ ಬೇರೇನೂ ಇಲ್ಲ ಅಂತ ಒಬ್ಬನಾದ್ರೂ ಬಿಚ್ಚಿ ಆಡ್ತಿದ್ದ."

ಬಾಗಿಲು ದಾಟಿ ಹೋದ. ನಾನು ಒಳ್ಳೆಯತನ ಎಂದುಕೊಂಡಿದ್ದದ್ದು ಅವನ ಪಾಲಿಗೆ ಬೀಗ ಜಡಿದ ಬೀರು ಆಗಿತ್ತು.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಕೆಳಗಿಳಿಸಿ ಅಂಗಡಿಯ ಮುಂದಿನ ಮೇಜಿನ ಮೇಲೆ ಜೋಡಿಸಿದೆ. ರಟ್ಟಿನ ಮೇಲೆ 'ಯಾವುದಾದರೂ ನೂರು ಯೆನ್' ಎಂದು ದಪ್ಪಕ್ಷರದಲ್ಲಿ ಬರೆದೆ. ಗಂಡ ಬಸ್ ಡಿಪೋಗೆ ಹೊರಟವನು ರಟ್ಟು ಓದಿ ನಿಂತ. "ಏನ್ ಮಾಡ್ತಿದ್ದೀಯ ಅಂತ ಗೊತ್ತಿದೆಯಾ?" ಎಂದ. ಗೊತ್ತಿದೆ ಎಂದೆ. "ಇವತ್ತು ಹಾಸಿಗೆ ಒಳಗಿಡಬಹುದು ಹಾಗಾದ್ರೆ" ಎಂದು ಹೋದ. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದರು. ಒಂದು ಐಸ್‌ಕ್ರೀಮಿನ ದುಡ್ಡಿಗೆ ಕ್ಯಾಸೆಟ್ ಸಿಗುತ್ತದೆ ಎಂದರೆ ನಂಬದೆ ಎರಡೆರಡು ಸಲ ಕೇಳಿದರು. ಕತ್ತಲಾಗುವ ಮುಂಚೆ ಮೇಜು ಬರಿದಾಯಿತು.

ಕುರಾಮೊಚಿಯವರಿಗೆ ಸುದ್ದಿ ಮುಟ್ಟಲು ನಾಲ್ಕು ದಿನವೂ ಬೇಕಾಗಲಿಲ್ಲ. ಈ ಸಲ ಕೂರಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ.

"ಯಾಕಮ್ಮಾ ಹೀಗ್ ಮಾಡಿದ್ರಿ?"

"ಆ ದೋಣಿಗಾರ ನನ್ನ ತಮ್ಮನ ಆಟ."

ಅವರು ನಿಜವಾಗಿಯೂ ನೊಂದುಕೊಂಡರು. "ಮೊದಲೇ ಹೇಳಿದ್ರೆ ನಿಮಗೆ ಬೇರೆ ಆಟ ಹಾಕ್ತಿದ್ದೆನಲ್ಲ."

"ಆಗ ಇನ್ಯಾರದೋ ತಮ್ಮಂದು ಹಾಕ್ತಿದ್ರಿ."

ಅವರು ನೆಲ ನೋಡಿದರು. "ಒಂದು ಅಂಗಡಿಗೆ ಒಂದು ಕಾನೂನು ಮಾಡೋಕೆ ನನ್ನಿಂದ ಆಗಲ್ಲಮ್ಮಾ. ನಿಮಗೆ ಕೊಟ್ರೆ ಮೇಲಿನವರು ನನಗೆ ಕೊಡಲ್ಲ." ಸೊಂಟ ಬಗ್ಗಿಸಿ, ಅತ್ತೆಯ ಸಾವಿಗೆ ಬಂದಾಗ ಬಗ್ಗಿದಷ್ಟೇ ಬಗ್ಗಿ, ನಮಸ್ಕರಿಸಿ ಹೋದರು. ಅಂದಿನಿಂದ ಅವರ ವ್ಯಾನು ನಮ್ಮ ಬೀದಿಯಲ್ಲಿ ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಹೊಸ ಕ್ಯಾಸೆಟ್ ಬಂದ ದಿನ ಮಕ್ಕಳು ನಮ್ಮ ಬಾಗಿಲ ಮುಂದೆಯೇ ನಡೆದು ದೊಡ್ಡ ಮಳಿಗೆಗೆ ಹೋಗುತ್ತಿದ್ದರು. ನಾನು ಗಾಳಿಪಟ, ಗೋಲಿ, ರಟ್ಟಿನ ವಿಮಾನ ಮಾರಿಕೊಂಡು ದಿನ ದೂಡಿದೆ.

ಯಸುಹಿಕೊ ಮಾರ್ಚ್ ಕೊನೆಗೆ ಕಂಪನಿ ಮುಚ್ಚಿದ. ಬೇರೆಯವರ ಆಟಗಳಿಗೆ ಹಿನ್ನೆಲೆಯ ಮರಗಿಡ ಬಿಡಿಸುವ ಕೆಲಸ ಸಿಕ್ಕಿತು. ನನ್ನ ಮೇಲೆ ಮುನಿಸಿತ್ತೋ, ತನ್ನ ಮೇಲೇ ಇತ್ತೋ, ಇತ್ತ ತಲೆ ಹಾಕಲಿಲ್ಲ. ಕಡೆಗೆ ನಾನೇ ಫೋನು ಮಾಡಿದೆ. ಬೀರು ಖಾಲಿಯಾದದ್ದನ್ನೂ ಹೇಗೆ ಖಾಲಿಯಾಯಿತು ಎಂಬುದನ್ನೂ ಒಂದನ್ನೂ ಬಚ್ಚಿಡದೆ ಹೇಳಿದೆ.

"ನೂರು ಯೆನ್ನಾ?" ಎಂದ. "ಡಬ್ಬಿ ಮೇಲಿನ ಚಿತ್ರ ಅಚ್ಚು ಹಾಕಿಸೋಕೂ ಸಾಲಲ್ಲ ಅದು."

"ಹೂಂ."

ಆ ಕಡೆ ಅವನ ಮಗಳು ಏನನ್ನೋ ಬಡಿಯುತ್ತಿದ್ದಳು. ಸುಮ್ಮನಿರು ಎಂದು ಅವಳಿಗೆ ಹೇಳಿದ. ಇನ್ನು ಫೋನು ಇಟ್ಟುಬಿಡುತ್ತಾನೆ ಎಂದುಕೊಂಡೆ.

"ಅಕ್ಕ."

"ಹೇಳೋ."

"ಬೇಡ ಅಂತ ಯಾರಾದ್ರೂ ವಾಪಸ್ ತಂದ್ರಾ?"

"ಇಲ್ಲ" ಎಂದೆ. "ಯಾರೂ ತಂದಿಲ್ಲ."