ಖಾರವಿಲ್ಲದ ಗೋಬಿ

ಮೂರು ಭಾನುವಾರಗಳಿಂದ ನನ್ನ ಬಾಯಿ ಉರಿದಿರಲಿಲ್ಲ. ಇದು ನಾಲ್ಕನೆಯದು. ಇವತ್ತೂ ಉರಿಯದಿದ್ದರೆ ಹುಬ್ಬಳ್ಳಿಯ ಚೀಟಿಯನ್ನು ಹರಿದು ಒಲೆಗೆ ಹಾಕುವುದೆಂದು ನಿಶ್ಚಯ ಮಾಡಿಕೊಂಡೇ ಗೆಳೆಯ ಮುನವ್ವರನ ಕಾರು ಹತ್ತಿದ್ದೆ.

ಆ ಚೀಟಿ ಕೊಟ್ಟವರು ಶಿರಸಿಯ ಹಲ್ಲಿನ ಡಾಕ್ಟರು. ಹಲ್ಲುನೋವೆಂದು ಹೋದರೆ, ನನ್ನದೇ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಡಲು ಹೇಳಿದರು. ಮೂರು ಹೋಗಬೇಕಂತೆ. ನನ್ನದು ಎರಡಕ್ಕೇ ನಿಂತಿತು. ಎಡಗೆನ್ನೆಯ ಒಳಗೆ ಬೆಳ್ಳಗಿನ ಕಲೆಯೂ ಇದೆ, ಹುಬ್ಬಳ್ಳಿಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ ಎಂದರು. ಎಲೆಯಡಿಕೆ ಕವಳ ಎಷ್ಟು ಹಾಕುತ್ತೀರಿ ಎಂದು ಕೇಳಿದಾಗ ನಾನು ಲೆಕ್ಕ ಇಟ್ಟಿಲ್ಲವೆಂದೆ. ಇದಾಗಿ ಮೂರು ತಿಂಗಳು. ಚೀಟಿ ಸ್ಕೂಟರಿನ ಡಿಕ್ಕಿಯಲ್ಲೇ ಇದೆ. ಹೆಂಡತಿ ರೋಹಿಣಿಗೂ ಹೇಳಿಲ್ಲ. ಖಾರ ತಿಂದರೆ ಬಾಯಿ ಉರಿಯುವುದು ಅವಳ ಪ್ರಕಾರ ಆ್ಯಸಿಡಿಟಿ, ಅದಕ್ಕೇ ಮನೆಯಲ್ಲಿ ಬರೀ ಮಜ್ಜಿಗೆ ಅನ್ನ.

ಹೇಳುವುದಾದರೂ ಹೇಗೆ? ನಾನು ಅಡಿಕೆ ಸೊಸೈಟಿಯ ವಖಾರಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಅಡಿಕೆಯ ದರ್ಜೆ ನೋಡುವವನು. ಚೀಲಕ್ಕೆ ಕೈ ಹಾಕಿ, ಒಂದು ಕತ್ತರಿಸಿ, ಚೂರು ಬಾಯಿಗೆ ಹಾಕಿಕೊಂಡು, ಇದು ಹೊಸದು, ಇದು ಹಳತು ಎನ್ನುವುದೇ ನನ್ನ ಹೊಟ್ಟೆಪಾಡು. ತಂಬಾಕು ಸೇರಿಸದ ಕವಳ ಔಷಧಿಗೆ ಸಮ ಎಂದು ಊರವರಿಗೆಲ್ಲ ಹೇಳಿಕೊಂಡು ಬಂದವನೂ ನಾನೇ. ಅಂಥವನಿಗೇ ಅಡಿಕೆಯಿಂದ ಹೀಗಾಯಿತೆಂದರೆ ವಖಾರಿಯಲ್ಲಿ ಯಾರ ಮುಖ ನೋಡಲಿ? ಹೆದರಿಕೆ ಒಂದು ಕಡೆ, ನಾಚಿಕೆ ಒಂದು ಕಡೆ. ಎರಡನ್ನೂ ಹೊತ್ತು ತಿರುಗಿ ಸಾಕಾಗಿ ಹೋಗಿತ್ತು. ಅದಕ್ಕೇ ಬಾರಿನ ಗೋಬಿ ಮಂಚೂರಿ ತಿಂದೂ ಬಾಯಿ ಉರಿಯದಿದ್ದ ಮೊದಲ ಭಾನುವಾರ ನಾನು ಸಣ್ಣ ಮಗುವಿನ ಹಾಗೆ ಹಿಗ್ಗಿದ್ದೆ.

ಭಾನುವಾರದ ಮಧ್ಯಾಹ್ನ ನಾವು ಮೂವರು ಪೇಟೆಯ ಬಾರಿನಲ್ಲಿ ಸೇರುತ್ತೇವೆ. ಹೈಸ್ಕೂಲಿನಿಂದ ಬಂದ ಗೆಳೆತನ. ಸುಭಾಷನದು ಹುಲೇಕಲ್ ಹತ್ತಿರ ತೋಟ. ಮುನವ್ವರನಿಗೆ ಪೇಟೆಯಲ್ಲಿ ಎರಡು ಲಾರಿ. ಅವನು ಕುಡಿಯುವುದಿಲ್ಲ, ನಿಂಬೆ ಸೋಡಾ ಹೀರುತ್ತ ಮೀನು ತಿನ್ನುತ್ತಾನೆ, ಆಮೇಲೆ ನಮ್ಮಿಬ್ಬರನ್ನು ಮನೆ ಮುಟ್ಟಿಸುತ್ತಾನೆ. ಸುಭಾಷ ಎಲ್ಲರಿಗಿಂತ ಮೊದಲು ಬಾರಿಗೆ ಬಂದು ಮೂಲೆ ಮೇಜು ಹಿಡಿದು ತಿಂಡಿ ಹೇಳಿಟ್ಟಿರುತ್ತಾನೆ. ಮಾತು ಅದೇ ಹಳೆಯದು. ಅಡಿಕೆ ದರ, ಡೀಸೆಲ್ ದರ, ಸತ್ತವರ ಸುದ್ದಿ. ಈಚೆಗೆ ಮೂವರಿಗೂ ಆಕಳಿಕೆ ಹೆಚ್ಚು, ನಗು ಕಡಿಮೆ. ಆದರೂ ಯಾರೂ ತಪ್ಪಿಸುವುದಿಲ್ಲ.

ಇವತ್ತು ಮಾತ್ರ ಜಾಗ ಬೇರೆ. ಯಲ್ಲಾಪುರ ರಸ್ತೆಯಲ್ಲಿ ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಹೋಟೆಲು ಶುರುವಾಗಿದೆಯೆಂದು ಸುಭಾಷನೇ ಪತ್ತೆ ಮಾಡಿದ್ದ, ಫೋನ್ ಮಾಡಿ ಮೇಜು ಕಾದಿರಿಸಿದ್ದೂ ಅವನೇ. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲಿನ ಹಂಡೆಗಳು ಸಾಲಾಗಿ ನಿಂತಿದ್ದವು. ಕಪ್ಪು ಬಿಯರು ಬಂತು. ನೋಡಿದರೆ ಥೇಟು ಅಡಿಕೆ ಬೇಯಿಸಿದ ಚೊಗರು.

"ಇದ್ನ ಕುಡಿಯದಾ, ಅಥ್ವಾ ಅಡಿಕೆಗೆ ಬಣ್ಣ ಹಾಕದಾ?" ಎಂದೆ.

ಮುನವ್ವರ್ ನಕ್ಕ. ಸುಭಾಷ ನಗಲಿಲ್ಲ. ಅವನು ಈಚೆಗೆ ಬಾಯಿ ಬಿಟ್ಟು ನಕ್ಕೇ ಇಲ್ಲವೆಂಬುದು ನನಗೆ ಆಗ ಹೊಳೆಯಲಿಲ್ಲ. ನನ್ನ ಚಿಂತೆಯೇ ನನಗೆ ಹಾಸಿ ಹೊದೆಯುವಷ್ಟಿತ್ತು.

ಗೋಬಿ ಬಂತು. ಕೆಂಪಗೆ, ಹೊಗೆಯಾಡುತ್ತ. ತಣ್ಣನೆ ಬಿಯರನ್ನು ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿ, ಎಲ್ಲಕ್ಕಿಂತ ಚಿಕ್ಕ ತುಂಡನ್ನು ಆರಿಸಿ ಎಡಗೆನ್ನೆಯ ಕಡೆಗೇ ತಳ್ಳಿದೆ. ಕಾದೆ. ಉರಿಯಲಿಲ್ಲ! ಇನ್ನೊಂದು ಹಾಕಿದೆ, ಅದಕ್ಕೂ ಉರಿಯಲಿಲ್ಲ. ಉರಿಯನ್ನೇ ಕಾಯುತ್ತಿದ್ದ ನನಗೆ ರುಚಿಯ ಕಡೆ ಗಮನವೇ ಇರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಡಾಕ್ಟರಿಗೇನು ಗೊತ್ತು, ಕಂಡವರನ್ನೆಲ್ಲ ಹುಬ್ಬಳ್ಳಿಗೆ ಅಟ್ಟುತ್ತಾರೆ ಎಂದು ಮನಸ್ಸಿನಲ್ಲೇ ಬೈದು ಮೂರನೆಯದಕ್ಕೆ ಕೈ ಹಾಕಿದೆ.

ಆಗ ಮಾಣಿ ಬಂದು ನಿಂತ. "ಗೋಬಿ ಸರಿ ಇದ್ಯಾ ಸರ್? ಫೋನಲ್ಲಿ ಹೇಳಿದ್ರಲ್ಲ, ಹಂಗೇ ಮಾಡಿಸಿದೀವಿ. ಮೆಣಸು ಮುಟ್ಟಿಸಿಲ್ಲ, ಬರೀ ಬಣ್ಣ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ದವಡೆಗೆ ಹೋಯಿತು. ಇವರಿಗೆ ಗೊತ್ತಾಗಿದೆ. ನಾಲ್ಕು ವಾರದಿಂದ ನನಗಾಗಿ ಸಪ್ಪೆ ತಿನ್ನುತ್ತಿದ್ದಾರೆ. ಹಾಗಾದರೆ ಬಾಯಿ ವಾಸಿಯಾಗಿದ್ದೂ ಸುಳ್ಳು. ಇವರ ಪ್ರೀತಿಗೆ ಅಳಬೇಕೋ, ನನ್ನನ್ನು ಹೀಗೆ ಮೋಸಗೊಳಿಸಿದ್ದಕ್ಕೆ ಬೈಯಬೇಕೋ ತಿಳಿಯದೆ ಮುನವ್ವರನ ಮುಖ ನೋಡಿದೆ.

ಅವನು ನನಗಿಂತ ಹೆಚ್ಚು ಕಕ್ಕಾಬಿಕ್ಕಿಯಾಗಿದ್ದ. "ಅರೆ, ಯಾರ್ರೀ ಹಂಗೆ ಹೇಳಿದ್ದು? ನಾ ಹೇಳಿಲ್ಲಪ್ಪ."

ಸುಭಾಷ ಲೋಟ ತಿರುಗಿಸುತ್ತ ಕೂತಿದ್ದ. "ಫೋನ್ ಮಾಡಿದ್ದು ಆನೇ," ಎಂದು ಒಪ್ಪಿಕೊಂಡ. "ಪೇಟೆ ಬಾರಲ್ಲೂ ಮೊದ್ಲೇ ಹೇಳಿ ಇಡ್ತಿದ್ದೆ. ಯಂಗೆ ಖಾರ ತಿನ್ನಲೆ ಆಗ್ತಿಲ್ಲೆ. ಬೆಂಕಿ ಇಟ್ಟ ಹಾಂಗೆ ಆಗ್ತು."

ಮಾಣಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಮುನವ್ವರ್ ಸೋಡಾ ಬದಿಗಿಟ್ಟ. "ಬಾಯಿ ತೆಗಿ ನೋಡಾಣ."

"ಇಲ್ಲೆಂತಕ್ಕೆ ಮಾರಾಯ?"

"ತೆಗಿ ಅಂದೆ. ನಮ್ಮ ದೊಡ್ಡಣ್ಣಂಗೂ ಹಿಂಗೇ ಶುರು ಆಗಿದ್ದು. ಬೆರಳು ಹಾಕು. ಮೂರು."

ಸುಭಾಷ ಸುತ್ತ ನೋಡಿ, ಎಲ್ಲರಿಗೂ ಬೆನ್ನು ಹಾಕಿ, ಬೆರಳು ಜೋಡಿಸಿದ. ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ನನಗಿಂತ ಕಡೆ. ಮುನವ್ವರನ ಅಣ್ಣನ ಮಣ್ಣಿಗೆ ನಾವಿಬ್ಬರೂ ಹೋಗಿದ್ದೆವು, ಅದು ಮೂವರಿಗೂ ನೆನಪಿತ್ತು.

"ಅವ ಗುಟ್ಕಾ ತಿಂತಿದ್ದ," ಎಂದ ಸುಭಾಷ. "ಆನು ಹಾಕಿದ್ದು ಮನೆ ಅಡಿಕೆ. ನವೀನ, ನೀ ಹೇಳು. ನಿಂಗೆ ಗೊತ್ತಿರ್ತು. ಬರೀ ಅಡಿಕೆಯಿಂದ ಹೀಂಗೆ ಆಗ್ತಾ?"

ಊರವರೆಲ್ಲ ನನ್ನನ್ನು ಕೇಳುವುದು ಹೀಗೆಯೇ. ಚೀಲ ತೋರಿಸಿ, ಹೇಳು ಎನ್ನುತ್ತಾರೆ, ನಾನು ಹೇಳುತ್ತೇನೆ. ಇಲ್ಲ ಎನ್ನಬಹುದಿತ್ತು. ಇಲ್ಲವೆಂದರೆ ಅವನು ನಂಬುತ್ತಿದ್ದ, ಮನೆಗೆ ಹೋಗಿ ಇನ್ನೊಂದು ಕವಳ ಹಾಕುತ್ತಿದ್ದ. ನನ್ನ ಗುಟ್ಟೂ ಡಿಕ್ಕಿಯಲ್ಲೇ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಗ್ತು," ಎಂದೆ.

ಸುಭಾಷ ಗಾಜಿನ ಗೋಡೆಯ ಕಡೆ ತಿರುಗಿ ಕೂತ. ಮುನವ್ವರ್ ಅವನ ಹೆಗಲ ಮೇಲೆ ಕೈ ಇಟ್ಟು, "ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ. ಹುಬ್ಬಳ್ಳಿಗೆ ಹೋಗೋಣ. ಏನೂ ಮಾತಾಡ್ಬೇಡ," ಎಂದು ಹೇಳಿ, ಕಾರು ತರಲು ಎದ್ದು ಹೋದ. ಅವನ ಕಣ್ಣು ಒದ್ದೆಯಾಗಿದ್ದು ನಮಗೆ ಕಾಣಬಾರದೆಂದು ಎದ್ದನೆಂದು ಕಾಣುತ್ತದೆ.

"ಹೆದರಿಕೆ ಆಗ್ತು ನವೀನ," ಎಂದ ಸುಭಾಷ. ಹೈಸ್ಕೂಲಿನಿಂದ ಇಲ್ಲಿಯವರೆಗೆ ಅವನ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ.

"ನಾಳೆ ಆನೂ ಬತ್ತೆ," ಎಂದೆ.

"ಬಾ ಮಾರಾಯ. ಜೊತೆಗೆ ನೀ ಇದ್ರೆ ಯಂಗೆ ಧೈರ್ಯ."

"ಬರೀ ಜೊತೆಗೆ ಅಲ್ಲ ಸುಭಾಷ. ಯಂಗೂ ಡಾಕ್ಟ್ರು ಹುಬ್ಬಳ್ಳಿಗೆ ಚೀಟಿ ಕೊಟ್ಟಿದ್ದ. ಎರಡು ಬೆರಳು ಹೋಗ್ತು, ಮೂರು ಹೋಗ್ತಿಲ್ಲೆ."

ಅವನು ತಿರುಗಿ ನನ್ನ ಬಾಯಿಯನ್ನೇ ನೋಡಿದ. ಮರುಕಪಡುತ್ತಾನೆಂದು ನಾನು ಕಾದೆ. ನನ್ನ ಕೈ ಹಿಡಿದುಕೊಳ್ಳುತ್ತಾನೆಂದೂ ಅನಿಸಿತ್ತು.

"ಚೀಟಿ ಯಾವಾಗ ಕೊಟ್ಟಿದ್ದು?"

"ಮೂರು ತಿಂಗಳಾತು."

"ಮೂರು ತಿಂಗಳು!" ಅವನ ದನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಟಿತು. "ಯಂಗೆ ಶುರು ಆಗಿದ್ದೂ ಆವಾಗ್ಲೇ. ನಿಂಗೆಂತದೂ ಆಗಿಲ್ಲೆ, ದಿನಾ ಅಡಿಕೆ ಅಗಿಯವಂಗೇ ಎಂತೂ ಆಗಿಲ್ಲೆ, ಯಂಗೆಂತ ಆಗ್ತು ಹೇಳಿ ಸುಮ್ನೆ ಕೂತಿದ್ದೆ. ಪ್ರತೀ ಭಾನುವಾರ ನಿನ್ನ ನೋಡಿಯೇ ಧೈರ್ಯ ತಗಂಡು ಮನೆಗೆ ಹೋಗ್ತಿದ್ದೆ."

ಹೊರಗೆ ಮುನವ್ವರ್ ಎರಡು ಸಲ ಹಾರ್ನ್ ಹೊಡೆದ. ಸುಭಾಷ ಎದ್ದು, ನನಗಾಗಿ ಕಾಯದೆ ಬಾಗಿಲ ಕಡೆ ನಡೆದ.