ಹಫೀಜನ ಬೀಗ

ಟಿಕೆಟ್ಟಿಗೆ ಚಿಲ್ಲರೆ ತೆಗೆಯಲೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದ ಹಫೀಜನ ಬೆರಳಿಗೆ ಚಾವಿ ಸಿಕ್ಕಿತು. ಹಳದಿ ಬಿಲ್ಲೆ ಕಟ್ಟಿದ ಪುಟ್ಟ ಚಾವಿ. ಬಿಲ್ಲೆಯ ಮೇಲೆ ಅವನದೇ ಹೆಸರು. ಬಸ್ಸು ಉಣಕಲ್ ಕೆರೆ ದಾಟುತ್ತಿತ್ತು. ಅವನ ಎದೆ ಧಸಕ್ಕೆಂದಿತು.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ಮಾಳಮಡ್ಡಿಗೆ ಹೊಂಟಿದ್ನಿ. ಬ್ಯಾಡ ಬಿಡ್ರಿ, ಇಲ್ಲೇ ಇಳಸ್ರಿ."

"ಬಸ್ ಏನ್ ನಿಮ್ಮ ಮನಿ ಟಾಂಗಾ ಅಂತ ತಿಳದೀರೇನು?" ಎಂದು ಗೊಣಗುತ್ತಲೇ ಕಂಡಕ್ಟರ್ ಸೀಟಿ ಊದಿದ.

ಹಫೀಜ ಗಬ್ಬೂರಿನ ಬೈಪಾಸ್ ಪಕ್ಕದ ಗೋವಿನಜೋಳದ ಗೋದಾಮಿನಲ್ಲಿ ಬೆಲ್ಟ್ ರಿಪೇರಿಗೆ ಹೊಸದಾಗಿ ಸೇರಿದವನು. ಲಾರಿಗಳು ಸುರಿದ ಕಾಳು ಗುಂಡಿಯೊಳಗಿಂದ ಸುರಂಗಕ್ಕಿಳಿದು, ಅಲ್ಲಿ ಓಡುವ ರಬ್ಬರ್ ಬೆಲ್ಟಿನ ಮೇಲೆ ಕೂತು ಉಕ್ಕಿನ ಕಣಜದ ನೆತ್ತಿಗೆ ಏರುತ್ತದೆ. ರಿಪೇರಿಗೆ ಒಳಗೆ ಹೋಗುವವನು ಮೊದಲು ಮೇನ್ ಸ್ವಿಚ್ಚಿಗೆ ತನ್ನ ಬೀಗ ಜಡಿದು ಚಾವಿ ಜೇಬಿಗಿಳಿಸಬೇಕು. ಎರಡನೆಯ ಚಾವಿ ಯಾರ ಬಳಿಯೂ ಇರುವುದಿಲ್ಲ. "ಸ್ವಿಚ್ಚಿಗೆ ಕೀಲಿ ಐತಿ ಅಂದ್ರ ಮನಶ್ಯಾ ಒಳಗ ಅದಾನ ಅಂತ ಅರ್ಥ" ಎಂದು ಫೋರ್‌ಮನ್ ಶಂಭುಲಿಂಗ ಮೊದಲ ದಿನವೇ ಹೇಳಿದ್ದರು. ಹಫೀಜ ತಲೆಯಾಡಿಸಿದ್ದ, ನಂಬಿರಲಿಲ್ಲ. ಅವನು ಹಿಂದೆ ದುಡಿದ ಮಿಲ್ಲುಗಳಲ್ಲಿ ಒಬ್ಬ "ಹೂಂ, ಚಾಲೂ" ಎಂದು ಕೂಗುತ್ತಿದ್ದ, ಒಳಗಿದ್ದವನು ಜೀವ ಉಳಿಸಿಕೊಂಡು ಹೊರಗೆ ಹಾರುತ್ತಿದ್ದ. ಅಲ್ಲಿಯ ಬೀಗಗಳೆಲ್ಲ ಸಾಹೇಬರ ಕಪಾಟಿಗಷ್ಟೇ.

ಇವತ್ತು ಮಾಳಮಡ್ಡಿಯ ಆಸ್ಪತ್ರೆಯಲ್ಲಿ ಅವ್ವ ಮೌಲಾಬಿಯ ಕಣ್ಣಿನ ಪಟ್ಟಿ ಬಿಚ್ಚುವ ದಿನ. "ಮೊದಲ ನಿನ್ನ ಮಾರೀನ ನೋಡಾಕಿ ನಾ" ಎಂದು ಅವಳು ಹಟ ಹಿಡಿದಿದ್ದಳು. ಹೊಸ ಕೆಲಸ, ರಜೆ ಕೇಳಲು ನಾಲಿಗೆ ಏಳಲಿಲ್ಲ. ಜೊತೆಯ ದ್ಯಾಮಣ್ಣ ತನ್ನ ಬೀಗ ತೆಗೆದು ಊಟಕ್ಕೆ ಹೋದಾಗ ಹಫೀಜ, "ಒಂದ ರೋಲರ್ ಉಳದೈತಿ, ಹಾಕಿ ಬರ್ತೇನಿ, ನೀ ನಡಿ ಕಾಕಾ" ಎಂದಿದ್ದ. ರೋಲರ್ ಹಾಕಿದ. ಕೆಲಸದ ಅಂಗಿಯನ್ನು ಸುರಂಗದ ಬಾಯಿಯ ಮೊಳೆಗೆ ತೂಗುಹಾಕಿ, ಒಳ್ಳೆಯ ಅಂಗಿ ತೊಟ್ಟು, ಹಿಂದಿನ ಗೋಡೆ ಹಾರಿ ಓಡಿದ. ಬೀಗ ಸ್ವಿಚ್ಚಿನಲ್ಲೇ ಉಳಿಯಿತು. ಫೋನು ಹಳೆಯ ಅಂಗಿಯಲ್ಲಿ ಉಳಿಯಿತು.

ಆಟೋದಲ್ಲಿ ವಾಪಸು ಬರುವಾಗ ಅವನಿಗೆ ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಇಷ್ಟೊತ್ತಿಗೆ ಬೀಗ ಕತ್ತರಿಸಿ ಒಗೆದಿರುತ್ತಾರೆ. ಬೆಲ್ಟ್ ಓಡುತ್ತಿರುತ್ತದೆ. ಗೇಟಿನಲ್ಲಿ ವಾಚ್‌ಮನ್ ಹಳೆಯ ಅಂಗಿಯನ್ನು ಕೈಗಿಟ್ಟು, ನಡಿಯಪ್ಪಾ ಅನ್ನುತ್ತಾನೆ. ಕೆಲಸವೂ ಹೋಯಿತು, ಅವ್ವನ ಮುಂದೆ ನಿಲ್ಲುವುದೂ ತಪ್ಪಿತು. ತನ್ನ ತಲೆಗೆ ತಾನೇ ಒಂದು ಏಟು ಹಾಕಿಕೊಂಡ.

ಗೋದಾಮಿನ ಹೊರಗೆ ಲಾರಿಗಳು ಬೈಪಾಸಿನವರೆಗೂ ಸಾಲುಗಟ್ಟಿ ನಿಂತಿದ್ದವು. ಒಂದರಲ್ಲೂ ಡ್ರೈವರ್ ಇರಲಿಲ್ಲ. ಹಗಲಿಡೀ ಗುಡುಗುವ ಜಾಗ ಹಾಗೆ ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ. ಆ ಮೌನದೊಳಗೆ, ನೆಲದಡಿಯಿಂದ, ಯಾರೋ ಕೂಗುತ್ತಿದ್ದರು.

"ಹಫೀಜಾ... ಏ ಹಫೀಜಾ..."

ತನ್ನ ಹೆಸರನ್ನು ಅಷ್ಟು ಕಕ್ಕುಲಾತಿಯಿಂದ ಯಾರಾದರೂ ಕರೆದದ್ದು ಅವನಿಗೆ ನೆನಪಿರಲಿಲ್ಲ.

ಗುಂಡಿಯ ಸುತ್ತ ಜನ. ಅವನು ಹೋದ ಮೇಲೆ ಗುಂಡಿಯಲ್ಲಿದ್ದ ಕಾಳು ಜರಿದು ಸುರಂಗದ ನಡುಭಾಗವನ್ನು ಮುಚ್ಚಿತ್ತು. ಸ್ವಿಚ್ಚಿಗೆ ಬೀಗ, ಮೊಳೆಗೆ ಅಂಗಿ, ಕರೆ ಮಾಡಿದರೆ ಅಂಗಿಯೊಳಗೇ ಬಡಿದುಕೊಳ್ಳುವ ಫೋನು. ಅವನು ಒಳಗೇ ಇದ್ದಾನೆ ಎನ್ನಲು ಇನ್ನೇನು ಸಾಕ್ಷಿ ಬೇಕಿತ್ತು? ಬೆಲ್ಟ್ ತಿರುಗಿಸಿದ್ದರೆ ಕಾಳೆಲ್ಲ ಅರೆಗಳಿಗೆಯಲ್ಲಿ ಖಾಲಿಯಾಗುತ್ತಿತ್ತು. ಆದರೆ ಬೆಲ್ಟ್ ತಿರುಗಿಸಿರಲಿಲ್ಲ. ಹಮಾಲರು, ಡ್ರೈವರುಗಳು, ಕಸ ಹೊಡೆಯುವ ಲಾಲಬಿ, ಇಸ್ತ್ರಿ ಅಂಗಿಯ ಶಂಭುಲಿಂಗ, ಎಲ್ಲರೂ ಬುಟ್ಟಿಗಳಲ್ಲಿ ಕಾಳು ತುಂಬಿ ತುಂಬಿ ಹೊರಗೆ ಸುರಿಯುತ್ತಿದ್ದರು. ಅಂಗಳದಲ್ಲಿ ಗೋವಿನಜೋಳದ ಗುಡ್ಡವೇ ಬಿದ್ದಿತ್ತು. ಹಫೀಜ ನೋಡುತ್ತಲೇ ನಿಂತ. ಆ ಗುಡ್ಡವೆಲ್ಲ ತನಗಾಗಿ ಎದ್ದದ್ದೆಂದು ಅವನಿಗೆ ನಂಬಲಾಗಲಿಲ್ಲ.

ಮೊದಲು ಕಂಡವಳು ಲಾಲಬಿ. ಬುಟ್ಟಿ ಕೆಳಗಿಟ್ಟು ಹತ್ತಿರ ಬಂದು ಅವನ ಮೊಣಕೈ ಹಿಸುಕಿ ನೋಡಿದಳು.

"ನೀ ಹೊರಗ ಅದೀಯೇನೋ?" ಎಂದವಳೇ ಅಲ್ಲೇ ಕೂತು ಅಳಲು ಶುರು ಮಾಡಿದಳು.

ಒಬ್ಬೊಬ್ಬರೇ ಬುಟ್ಟಿ ಇಳಿಸಿದರು. ಶಂಭುಲಿಂಗರ ಅಂಗೈ ಸುಲಿದು ಕೆಂಪಾಗಿತ್ತು. ಹಫೀಜ ಅವರ ಮುಂದೆ ಚಾವಿ ಹಿಡಿದು, "ಅವ್ವನ ಕಣ್ಣಿನ ಪಟ್ಟಿ ಬಿಚ್ಚೂದಿತ್ರಿ ಸರ್, ಹೇಳದ ಹೋದ್ನಿ. ಮರತೆ," ಎಂದ. "ಕೀಲಿ ಕೊಯ್ದು ಒಗದಿದ್ರ ಆಗ್ತಿತ್ತಲ್ರಿ."

"ನೀ ಒಳಗ ಇದ್ದಿದ್ರ?" ಎಂದರು ಶಂಭುಲಿಂಗ.

ಹಫೀಜ ಅತ್ತುಬಿಟ್ಟ.

ಆಗ ಸುರಂಗದ ಬಾಯಿಯಿಂದ ದ್ಯಾಮಣ್ಣ ತೆವಳಿ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು, ಕಣ್ಣೆರಡೇ ಕಪ್ಪು. ಹಫೀಜನನ್ನು ನೋಡಿದ. ಹೊಡೆಯಲೆಂದು ಎತ್ತಿದ ಕೈ ಅವನ ಭುಜದ ಮೇಲೆ ಬಿದ್ದು ಅಲ್ಲೇ ಉಳಿಯಿತು. ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು.

"ಒಳ್ಳೆ ಅಂಗೀ ಬ್ಯಾರೆ ಹಾಕ್ಕೊಂಡಾನ," ಎಂದ ಪಿಸುದನಿಯಲ್ಲಿ.

ಯಾರೋ ನಕ್ಕರು. ಶಂಭುಲಿಂಗ ಎಲ್ಲರನ್ನೂ ಒಮ್ಮೆ ಎಣಿಸಿ, "ಕೀಲಿ ತಗಿ. ಆಮ್ಯಾಲೆ ಅವ್ವನ ಕಡೆ ಹೋಗು. ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದರು. ನಾಳೆ ಎಂಬ ಮಾತು ಕೇಳಿ ಹಫೀಜನಿಗೆ ಹೋದ ಜೀವ ಬಂದಂತಾಯಿತು.

ಬೀಗ ತೆಗೆದ. ಎಚ್ಚರಿಕೆಯ ಗಂಟೆ ಮೊಳಗಿತು. ಬೆಲ್ಟ್ ಒಮ್ಮೆ ಜಗ್ಗಿ ನಿಧಾನವಾಗಿ ಹೊರಟಿತು. ಹೋಗು ಎಂದಿದ್ದರೂ ಹಫೀಜ ಸುರಂಗದ ಬಾಯಿಯಲ್ಲೇ ನಿಂತಿದ್ದ. ಕತ್ತಲಿನಿಂದ ಹೊರಬಂದ ಕಪ್ಪು ರಬ್ಬರಿನ ಮೇಲೆ, ಬಿಳಿ ಧೂಳಿನಲ್ಲಿ, ಎರಡು ಅಂಗೈ, ಎರಡು ಮೊಣಕಾಲು, ಮತ್ತೆ ಎರಡು ಅಂಗೈ, ದ್ಯಾಮಣ್ಣ ತನ್ನನ್ನು ಹುಡುಕುತ್ತ ತೆವಳಿದ ಗುರುತುಗಳು ಒಂದರ ಹಿಂದೊಂದು ಅವನೆದುರು ಹಾದು ಕಣಜದ ನೆತ್ತಿಯ ಕಡೆ ಏರುತ್ತಿದ್ದವು. ಕಾಳು ಬಂದು ಆ ಗುರುತುಗಳನ್ನು ಮುಚ್ಚುವವರೆಗೂ ಅವನು ಕಣ್ಣು ಮಿಟುಕಿಸಲಿಲ್ಲ.